ಇವರ ಪಾಳಿ

ಜನವರಿ 8, ಸೋಮವಾರ

ಈ ಡೈರಿ ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ್ದು. ಇಂಥವುಗಳಲ್ಲಿ ಗಿರಾಕಿಗಳ ಹೆಸರು ಬಿಟ್ಟು ನಾನು ಬೇರೇನೂ ಬರೆದವಳಲ್ಲ. ಇವತ್ತು ಬರೆಯುವ ಗತಿ ಬಂತು. ಬಳ್ಳಾರಿಯ ಡಾಕ್ಟರು ನನ್ನ ಬಾಯಿಗೂ ಬೀಗ ಹಾಕಿದ್ದಾರೆ.

ಆಪರೇಷನ್ ಆಗಿದ್ದು ಇವರಿಗೆ. ಗಂಟಲಿನಲ್ಲಿ ಧ್ವನಿ ಹೊರಡುವ ಜಾಗದಲ್ಲೇ ಅಕ್ಕಿಕಾಳಿನಷ್ಟು ಗಂಟು ಇತ್ತಂತೆ, ತೆಗೆದರು. ಅದನ್ನು ಪರೀಕ್ಷೆಗೆ ಕಳಿಸಿದ್ದಾರೆ. ತಾನು ಹೇಳುವ ತನಕ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು, ಆಡಿದರೆ ಧ್ವನಿಯೇ ಹೋದೀತು ಎಂದು ಇವರಿಗೆ ತಾಕೀತು ಮಾಡಿದ ಡಾಕ್ಟರು ನನ್ನ ಕಡೆ ತಿರುಗಿ, "ನೀವೂ ಸ್ವಲ್ಪ ಕಮ್ಮಿ ಮಾತಾಡ್ರಿ ಅಮ್ಮಾ. ನೀವು ಕೇಳಿದ್ರ ಅವ್ರಿಗೆ ಉತ್ತರ ಕೊಡಬೇಕು ಅನ್ನಿಸ್ತೈತಿ" ಅಂದರು. ನನ್ನನ್ನು ಸರಿಯಾಗಿ ನೋಡಿಯೂ ಇಲ್ಲದ ಮನುಷ್ಯ! ನಾನು ಜಾಸ್ತಿ ಮಾತಾಡುತ್ತೇನೆ ಎಂದು ಇವನಿಗೆ ಯಾರು ಹೇಳಿದರು?

ಇವರು ಹಂಪಿಯಲ್ಲಿ ಗೈಡು. ಬೆಳಗಿನಿಂದ ಸಂಜೆಯವರೆಗೆ ಪ್ರವಾಸಿಗರ ಮುಂದೆ ಗಂಟಲು ಹರಿದುಕೊಂಡು, ಚಿತ್ತವಾಡ್ಗಿಯ ಮನೆಗೆ ಬರುವ ಹೊತ್ತಿಗೆ ಮೌನಿ ಸ್ವಾಮಿ. ಉಪ್ಪು ಬೇಕಾದರೂ ಕೈ ತೋರಿಸುತ್ತಾರೆ. ಹೀಗಿರುವಾಗ ಡಾಕ್ಟರ ಅಪ್ಪಣೆಯಿಂದ ಮನೆಯಲ್ಲಿ ಏನು ವ್ಯತ್ಯಾಸ? ಇವರಿಗೆ ಏನು ಬೇಕು, ಏನು ಬೇಡ, ಯಾವಾಗ ತಲೆನೋವು, ಎಲ್ಲ ಇವರಿಗಿಂತ ಮೊದಲು ನನಗೆ ತಿಳಿಯುತ್ತದೆ. ಮಗಳು ಸುಷ್ಮಿತಾ ದೋಣಿಮಲೈಯಿಂದ ತನ್ನ ಮಗುವಿನ ಸ್ಲೇಟು ಕಳಿಸಿಕೊಟ್ಟಿದ್ದಾಳೆ, ಅಪ್ಪ ಬರೆದು ತೋರಿಸಲಿ ಅಂತ. ಬೇಕಿರಲಿಲ್ಲ.

ಪರೀಕ್ಷೆಯಲ್ಲಿ ಏನೂ ಬರುವುದಿಲ್ಲ. ನನಗೆ ಗೊತ್ತು.

ಜನವರಿ 9, ಮಂಗಳವಾರ

ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕಿದೆ. ಮಧ್ಯಾಹ್ನ ಮತ್ತೆ ಹಾಕಿದೆ. ಪರೀಕ್ಷೆಯಲ್ಲಿ ಏನೂ ಬರುವುದಿಲ್ಲ.

ಜನವರಿ 12, ಶುಕ್ರವಾರ

ಪಕ್ಕದ ಮನೆ ಮರುಳಸಿದ್ದಮ್ಮ ನಾನು ಹೊಲಿದುಕೊಟ್ಟ ಹೊಸ ಜಂಪರ್ ಹಾಕಿಕೊಂಡು ಬಂದು ಕೈ ಎತ್ತಿ ತೋರಿಸಿದಳು. ಕಂಕುಳಲ್ಲಿ ಬಿಗಿ. ನಾನು ಟೇಪು ಹಿಡಿದು ಅಳತೆ ತೆಗೆಯುವವಳಲ್ಲ, ಊರಿಗೇ ಗೊತ್ತು. ಹೆಣ್ಣುಮಗಳು ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವಳ ಅಳತೆ ನನ್ನ ಕಣ್ಣಲ್ಲಿರುತ್ತದೆ.

"ಮೈ ಬಂದೈತಿ ನಿನಗ. ನಂದೇನು ತಪ್ಪು?" ಅಂದೆ.

"ಮೈ ಬಂದು ಮೂರು ವರ್ಷ ಆತು ಲಲಿತಕ್ಕಾ. ಅವತ್ತಿಂದ ಹಿಂಗೇ ಬಿಗಿ. ಹೇಳಿದ್ರ ನಿನಗ ಸಿಟ್ಟು ಬರ್ತೈತಿ ಅಂತ ಮನ್ಯಾಗ ಹೊಲಿಗಿ ಬಿಚ್ಚಿಕೊಂಡು ಹಾಕ್ಕೊಂತಿದ್ದೆ. ಇವತ್ತು ಬಿಚ್ಚಾಕ ಬಟ್ಟಿನ ಉಳದಿಲ್ಲ."

ನನಗೆ ಸಿಟ್ಟು ಬರುತ್ತದಂತೆ! ಸಿಟ್ಟು ಬಂತು. ಇವರು ಗೋಡೆಗೆ ಒರಗಿಕೊಂಡು ನೋಡುತ್ತಿದ್ದರು. ಸ್ಲೇಟು ತೆಗೆದುಕೊಂಡರು. "ಚಾ ತಾನೇ, ತಂದೆ ಇರ್ರಿ" ಎಂದು ಎದ್ದು ಹೋದೆ. ಚಾ ತಂದಾಗ ಸ್ಲೇಟು ಕೆಳಗಿತ್ತು. ಕುಡಿದರು.

ಜನವರಿ 15, ಸೋಮವಾರ. ಸಂಕ್ರಾಂತಿ

ಕಂಪ್ಲಿಗೆ ಹೋಗಿದ್ದೆವು, ನನ್ನ ತಮ್ಮ ಉಚ್ಚೆಂಗೆಪ್ಪನ ಮನೆಗೆ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಳೆದಂಡೆಗೆ ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದ್ಲಿ. ಇವರಿಗೆ ಗಂಟಲಿಗೆ ಹಿತವಾಗಲೆಂದು ಮೆತ್ತಗೆ ಮೊಸರನ್ನ ಬೇರೆ.

ಉಚ್ಚೆಂಗೆಪ್ಪನದು ಅಕ್ಕಿ ಗಿರಣಿ. ಊಟದ ಮಧ್ಯೆ ಮಾತು ತೆಗೆದ. "ಅಕ್ಕಾ, ಗಿರಣ್ಯಾಗ ನಂಬಿಕಸ್ಥರು ಒಬ್ರು ಬೇಕಾಗ್ಯಾರ. ಬಂದ ಭತ್ತದ ಮ್ಯಾಲ ಕಣ್ಣಿಟ್ಟು ಕುರ್ಚ್ಯಾಗ ಕುಂತ್ರ ಸಾಕು. ಕೂಗೋದು ಬ್ಯಾಡ, ಒದರೋದು ಬ್ಯಾಡ. ಮಾಮ ಬರ್ತಾರೇನು, ಕೇಳು."

"ಕೇಳೋದೇನೈತಿ? ಬರ್ತಾರ."

ಇದಕ್ಕಿಂತ ಒಳ್ಳೆಯದು ಏನಿದೆ? ಆ ಸುಡು ಬಿಸಿಲಲ್ಲಿ ಕಲ್ಲಿನಿಂದ ಕಲ್ಲಿಗೆ ಅಲೆದು ಇವರಿಗೆ ಸಾಕಾಗಿಹೋಗಿದೆ. ಸಾಕಾಗದೆ ಇದ್ದರೆ ಮನೆಗೆ ಬಂದು ಯಾಕೆ ಹಾಗೆ ಸುಮ್ಮನೆ ಕೂರುತ್ತಿದ್ದರು? ಇವರು ಚೀಲದಿಂದ ಸ್ಲೇಟು ತೆಗೆದು "ನನಗ" ಎಂದು ಬರೆದರು. ಬರೆಯುವುದೋ ಬಸವನಹುಳು ಹರಿದ ಹಾಗೆ. "ನನಗ ಒಪ್ಪಿಗಿ ಅಂತ ಬರಿಯಾಕ ಹತ್ಯಾರ. ಅಷ್ಟಕ್ಕ ಬಳಪ ಯಾಕ ಸವೆಸ್ತೀರಿ, ನಾ ಹೇಳೀನಿ ಬಿಡ್ರಿ" ಅಂದೆ. ಎಲ್ಲರೂ ನಕ್ಕರು. ಇವರೂ ನಕ್ಕರೆಂದು ಕಾಣುತ್ತದೆ. ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ನೀರಿನ ಕಡೆ ಮುಖ ಮಾಡಿ ಕೂತು ಮಾದ್ಲಿ ತಿಂದರು.

ತಮ್ಮನಿಗೆ ಮಾತು ಕೊಟ್ಟಾಯಿತು. ಮನಸ್ಸು ಹಗುರವಾಗಬೇಕಿತ್ತು.

ಜನವರಿ 16, ಮಂಗಳವಾರ

ಸುಷ್ಮಿತಾ ಫೋನು ಮಾಡಿದ್ದಳು. ಗಿರಣಿಯ ವಿಷಯ ಹೇಳಿದೆ.

"ಅಪ್ಪನ್ನ ಕೇಳಿದೇನವ್ವಾ?"

"ಅವ್ರ ಹೊಟ್ಟ್ಯಾಗಿಂದು ನನಗ ಗೊತ್ತಿಲ್ಲೇನು?"

"ಹಂಗಾದ್ರ ನಾನೀಗ ಏನ್ ಅಂದ್ಕೊಂಡೀನಿ, ಹೇಳು ನೋಡೋಣ."

"ಫೋನ್ ಇಡಬೇಕು ಅಂದ್ಕೊಂಡಿ."

"ಅದೊಂದು ಕರೆಕ್ಟು" ಎಂದು ಇಟ್ಟೇಬಿಟ್ಟಳು. ತಲೆಹರಟೆ. ಯಾರ ಬಾಯಿ ಬಂದಿದೆಯೋ.

ರಿಪೋರ್ಟ್ ಇನ್ನೂ ಬಂದಿಲ್ಲ. ಯಾಕಿಷ್ಟು ತಡ?

ಜನವರಿ 19, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ. ಎಲ್ಲಿಂದ ಬರೆಯಲಿ?

ಗೈಡುಗಳ ಸಂಘದಲ್ಲಿ ಪಾಳಿಯ ಪದ್ಧತಿ. ಗಾಡಿಗಳು ಬಂದ ಹಾಗೆ ಯಾರ ಪಾಳಿಯೋ ಅವರು ಹೋಗಬೇಕು. ಪಾಳಿ ಇದ್ದವರಿಗೆ ಒಂದು ಹಿತ್ತಾಳೆ ಬಿಲ್ಲೆ. ಬಿಲ್ಲೆಗಳು ಇರುವುದೇ ಇಷ್ಟು, ಒಬ್ಬರು ಬಿಟ್ಟರೆ ಕಾಯುತ್ತಿರುವವರಲ್ಲಿ ಮೊದಲನೆಯವರಿಗೆ ಸಿಗುತ್ತದೆ, ಬಿಟ್ಟವರಿಗೆ ಮತ್ತೆ ಸಿಗುವುದಿಲ್ಲ. ಹೇಗೂ ಗಿರಣಿಗೆ ಹೋಗುವವರು, ಸೀಜನ್ನಿನಲ್ಲಿ ಬಿಲ್ಲೆ ಮೊಳೆಗೆ ನೇತಾಡುವುದೇಕೆ ಎಂದು ಅನ್ನಿಸಿತು. ಇವರು ಊಟ ಮಾಡಿ ಮಲಗಿದ್ದರು. ಎಬ್ಬಿಸುವುದು ಬೇಡವೆಂದು ಬಿಲ್ಲೆ ತೆಗೆದುಕೊಂಡು ಹಂಪಿ ಬಸ್ಸು ಹತ್ತಿದೆ.

ಕಾಯುತ್ತಿದ್ದವನು ತಿಪ್ಪೇಶ. ಇವರ ಹಿಂದೆ ಹಿಂದೆ ತಿರುಗಿ ಕೆಲಸ ಕಲಿತವನು, ಹೋದ ವರ್ಷ ಮದುವೆಯಾದವನು. ಬಿಲ್ಲೆ ಕೈಯಲ್ಲಿಟ್ಟೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿ, "ಕೊಟ್ರಬಸಪ್ಪ ಸರ್ ನಿಜವಾಗ್ಲೂ ಬಿಡ್ತಾರೇನ್ರೀ ಅಮ್ಮಾ?" ಅಂದ. "ನಾ ಹೇಳಾಕ ಹತ್ತಿಲ್ಲೇನು?" ಅಂದೆ. ಹೆಂಡತಿಗೆ ಫೋನು ಮಾಡಲು ಓಡಿದ.

ಬಾಯಾರಿಕೆ. ಬಜಾರಿನ ಕೊನೆಯಲ್ಲಿ ಸುಂಕಲಮ್ಮ ಎಂಬಾಕೆ ಎಳನೀರು ಮಾರುತ್ತಾಳೆ. ಅವಳು, "ಗಂಜಿ ಇರೋದು..." ಅನ್ನುವಷ್ಟರಲ್ಲಿ, "ಬ್ಯಾಡ, ಬರೇ ನೀರಿಂದು ಕೊಡು, ಕೊಳವಿ ಬ್ಯಾಡ" ಅಂದೆ. ಕತ್ತಿ ಹಿಡಿದವಳು ಹಾಗೆಯೇ ನನ್ನನ್ನು ನೋಡಿ ನಗತೊಡಗಿದಳು.

"ನೀವು ಗೈಡ್ ಸರ್ ಮನಿಯೋರಲ್ರೀ? ಟೇಪ್ ಇಲ್ದ ಜಂಪರ್ ಹೊಲಿಯೋರು?"

"ನಿನಗ ಹೆಂಗ ಗೊತ್ತು?"

"ಕೇಳೋದು ಮುಗಿಯೋಕಿಂತ ಮುಂಚೆ ಉತ್ತರ ಕೊಟ್ರಲ್ರೀ. ಅದಕ್ಕ ಗೊತ್ತಾತು. ಅದನ್ನ ಸರ್ ಎಷ್ಟು ಚಂದ ಮಾಡಿ ತೋರಸ್ತಾರ!"

ಅಷ್ಟರಲ್ಲಿ ತಿಪ್ಪೇಶ ಬಂದ. ಗದರಿಸಿ ಕೇಳಿದೆ. ಮೊದಲು ತೊದಲಿದ, ಆಮೇಲೆ ಖುಷಿಯಲ್ಲಿದ್ದವನು ಎಲ್ಲ ಆಡಿಯೇ ತೋರಿಸಿದ. ಇವರು ಕಲ್ಲಿನ ಕೆತ್ತನೆ ತೋರಿಸುವಾಗ, ನಮ್ಮಾಕಿ ಸುದ್ದಾ ಹಿಂಗೇ ಕಣ್ಣಾಗೇ ಅಳೀತಾಳ ಅನ್ನುತ್ತಾರಂತೆ. ನಾನು ಸಂತೆಯಲ್ಲಿ ಜಗಳವಾಡಿದ್ದು, ನಾನು ಮುನಿಸಿಕೊಂಡು ಮೆಷಿನ್ನಿನ ಜೊತೆ ಮಾತಾಡುವುದು, ಎಲ್ಲವೂ ಹಂಪಿ ನೋಡಲು ಬಂದವರಿಗೆ ಪುಕ್ಕಟೆ! ಆನೆ ಲಾಯದ ಮುಂದೆ ನಿಲ್ಲಿಸಿ, "ಇಲ್ಲಿ ಕಟ್ಟಿದ ಆನಿಗಳಿಗಿಂತ ಧೈರ್ಯದ ಜೀವ ನಮ್ಮ ಮನ್ಯಾಗ ಐತಿ. ಮೆಷಿನ್ ಹಿಂದ ಬಂದ ನಾಗರಹಾವನ್ನ ಕಡ್ಡಿಲೆ ಎತ್ತಿ ಹೊರಗ ಒಗೆದು, ಕುಂತು ಜಂಪರ್ ಹೊಲಿದಾಳ. ಅಂಜಿಕಿ ಅನ್ನೋದು ಆಕಿ ಹತ್ರಾನೂ ಸುಳಿಯಂಗಿಲ್ಲ" ಎಂದರೆ ಜನ ಚಪ್ಪಾಳೆ ತಟ್ಟುತ್ತಾರಂತೆ.

"ಸರ್ ಕಥಿ ಹೇಳಾಕ ನಿಂತ್ರ ಬ್ಯಾರೆ ಗೈಡ್‌ಗಳ ಮಂದಿನೂ ಬಂದು ನಿಲ್ತಾರ್ರೀ. ಅವಾಗ ಸರ್ ಮಾರಿ ನೋಡ್ಬೇಕು ನೀವು. ಗೈಡ್ ಆದವ ಯಾವತ್ತೂ ಗೊತ್ತಿಲ್ಲ ಅನ್ನಬಾರ್ದು ಅಂತ ನಮಗೆಲ್ಲ ಕಲಿಸಿದೋರು ಅವ್ರೇ" ಅಂದ.

ಯಾರ ಮುಖ? ಯಾವ ಮನುಷ್ಯನ ಬಗ್ಗೆ ಹೇಳುತ್ತಿದ್ದಾನೆ ಇವನು? ನನ್ನ ಮನೆಯಲ್ಲಿ ಆ ಮುಖ ನಾನು ನೋಡಿಲ್ಲ. ದೇಶ ವಿದೇಶದವರೆಲ್ಲ ನನ್ನನ್ನು ತಿಳಿದುಕೊಂಡು, ನಕ್ಕು, ತಮ್ಮ ಊರಿಗೆ ಹೋಗಿದ್ದಾರೆ. ಮನೆಯ ಮಾತನ್ನು ಬಜಾರಿನಲ್ಲಿ ಹರಾಜು ಹಾಕಿದ್ದಾರೆ ಈ ಮೌನಿ ಸ್ವಾಮಿ.

ಹಾವಿನ ಸಂಗತಿ ನಿಜ. ಎತ್ತಿ ಹೊರಗೆ ಹಾಕಿದ್ದೂ ನಿಜ. ಜಂಪರ್ ಹೊಲಿದದ್ದು ಸುಳ್ಳು. ಅವತ್ತು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಸಂಜೆ ಜ್ವರ ಬಂತು. ಇವರು ಬಂದಾಗ ಬಿಸಿಲಿಗೆ ಹೀಗಾಗಿದೆ ಅಂದಿದ್ದೆ. ಉಳಿದದ್ದೆಲ್ಲ ಹೋಗಲಿ, ಅಂಜಿಕೆ ಇಲ್ಲ ಎಂದರಲ್ಲ, ಅದೇ ಯಾಕೋ ಹೆಚ್ಚು ಚುಚ್ಚಿತು.

ಇವತ್ತು ಇವರಿಗೆ ಊಟ ಬಡಿಸಿದೆ, ಮುಖ ನೋಡಲಿಲ್ಲ. ಬಿಲ್ಲೆಯ ಮಾತು ಎತ್ತಲೂ ಇಲ್ಲ.

ಜನವರಿ 20, ಶನಿವಾರ

ಮಾತಾಡಿಬಿಟ್ಟರು.

ಸ್ನಾನ ಮಾಡಿ ಬಂದು ಕ್ಯಾಲೆಂಡರಿನ ಪಕ್ಕದ ಮೊಳೆ ನೋಡಿದರು. ಗೂಡು ತಡಕಿದರು, ಮೆಷಿನ್ನಿನ ಡಬ್ಬಿ ತೆಗೆದರು. ನಾನು ಸುಮ್ಮನೆ ಹೊಲಿಯುತ್ತಿದ್ದೆ. ಎದುರು ಬಂದು ನಿಂತು, "ಎಲ್ಲೈತಿ?" ಅಂದರು. ಒಣಗಿದ ತೆಂಗಿನ ಗರಿ ಎಳೆದ ಹಾಗೆ ಸದ್ದು. ಅದು ಇವರ ಧ್ವನಿಯಲ್ಲ.

"ಅಯ್ಯೋ, ಮಾತಾಡಬ್ಯಾಡ್ರೀ!" ಎಂದು ಬಾಯಿಗೆ ಕೈ ಅಡ್ಡ ಇಟ್ಟೆ. ಕೈ ಸರಿಸಿದರು. ಸ್ಲೇಟಿನಲ್ಲಿ ಬರೆದರು: ನನ್ನ ಬಿಲ್ಲೆ ಯಾರಿಗೆ ಕೊಟ್ಟಿ?

"ಗಿರಣಿಗೆ ಬರ್ತೀನಿ ಅಂದ್ರಲ್ಲ ನೀವು. ನನಗ ಅಂತ ಬರೆದ್ರಲ್ಲ ಅವತ್ತು."

ಒರೆಸಿ ಮತ್ತೆ ಬರೆದರು: ನನಗ ಬ್ಯಾಡ ಅಂತ ಬರಿಯಾಕ ಹೊಂಟಿದ್ದೆ.

ಡಾಕ್ಟರಿಗೆ ಫೋನು ಮಾಡಿದೆ. ಒಂದೇ ಮಾತಾದರೆ ಏನೂ ಆಗಿರಲಿಕ್ಕಿಲ್ಲ, ಆದರೆ ನೋಡದೆ ಹೇಳಲಾಗದು, ಇಪ್ಪತ್ತೊಂಬತ್ತಕ್ಕೆ ರಿಪೋರ್ಟಿಗೆ ಬಂದಾಗ ನೋಡೋಣ ಅಂದರು. ಆಗಿರಲಿಕ್ಕಿಲ್ಲ ಅಂದರೆ ಏನು? ಆಗಿದ್ದರೆ?

ಜನವರಿ 21, ಭಾನುವಾರ

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಹೊಲಿದದ್ದನ್ನು ಬಿಚ್ಚಿದೆ.

ಸಮಾಧಾನವಾಗಲಿ ಎಂದು ಇವರಿಗೆ ಪ್ರೀತಿಯ ಹಾಗಲಕಾಯಿ ಗೊಜ್ಜು ಮಾಡಿದೆ. ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟದ್ದು, ನನ್ನ ಮಗನಿಗೆ ಇದಿದ್ದರೆ ಸಾಕು ಅಂದಿದ್ದರು. ಇವರು ತಟ್ಟೆ ನೋಡಿ, ನನ್ನನ್ನು ನೋಡಿ, ಸ್ಲೇಟು ಎಳೆದುಕೊಂಡರು. ನಿನ್ನೆಯದು ನೆನಪಿತ್ತು, ನಡುವೆ ಬಾಯಿ ಹಾಕಲಿಲ್ಲ, ಹಾಗಾಗಿ ಬರೆದು ಮುಗಿಸಿದರು: ನನಗ ಹಾಗಲಕಾಯಿ ಸೇರಂಗಿಲ್ಲ.

"ಇಷ್ಟು ವರ್ಷ ತಿಂದ್ರಲ್ರೀ!"

ಮತ್ತೆ ಬರೆದರು: ನಿನಗ ಸೇರ್ತೈತಿ ಅಂತ ತಿಂದೆ.

ನನಗೆಲ್ಲಿ ಸೇರುತ್ತದೆ? ಇವರಿಗಾಗಿ ಮಾಡಿ ಇವರಿಗಾಗಿ ತಿಂದವಳು ನಾನು. ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕೂತೆವು. ಕೊನೆಗೆ ಮರುಳಸಿದ್ದಮ್ಮನಿಗೆ ಕೊಟ್ಟೆ, ಸೇರುತ್ತದೆಯೋ ಇಲ್ಲವೋ ಎಂದು ಕೇಳಿಯೇ ಕೊಟ್ಟೆ.

ಜನವರಿ 23, ಮಂಗಳವಾರ

ತಿಪ್ಪೇಶನ ಬಳಿ ಹೋಗಿ ಬಿಲ್ಲೆ ವಾಪಸು ಕೇಳಿದೆ. ಹೊಸ ಬಿಳಿ ಅಂಗಿಯ ಮೇಲೆ ಸಿಕ್ಕಿಸಿಕೊಂಡಿದ್ದ. ಮೊದಲು ನಕ್ಕ, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು. ಆಮೇಲೆ ಮುಖ ಇಳಿಯಿತು.

"ನಾಕು ವರ್ಷ ಕಾದೀನ್ರೀ ಅಮ್ಮಾ. ಊರಿಗೆಲ್ಲ ಹೇಳೀನಿ. ಕೊಟ್ಟಿದ್ದು ನೀವು, ಕೇಳಾಕ ಬಂದಿದ್ದೂ ನೀವು. ಸರ್ ಎಲ್ರೀ? ಅವ್ರ ಏನಂತಾರ?"

ಹತ್ತು ಜನರ ಮುಂದೆ ಹೀಗೆ ಕೇಳಿದ. ಬೇರೆ ದಿನವಾಗಿದ್ದರೆ ಚಳಿ ಬಿಡಿಸುತ್ತಿದ್ದೆ. ಬರಿಗೈಯಲ್ಲಿ ಬಂದೆ. ನಡೆದದ್ದನ್ನೆಲ್ಲ ಇವರಿಗೆ ಹೇಳಿದೆ, ಬಯ್ಯಲಿ ಎಂದು ಎದುರಿಗೆ ಕೂತೆ. ಬಯ್ಯಲಿಲ್ಲ. ಬರೆದರು. ಸ್ಲೇಟಿನ ಒಂದು ಮಗ್ಗುಲು ತುಂಬಿತು, ತಿರುಗಿಸಿ ಬರೆದರು. ಎಷ್ಟು ನಿಧಾನ ಇವರ ಅಕ್ಷರ! ನನ್ನ ಕೈಯಲ್ಲಿದ್ದ ಚಾ ಆರಿಹೋಯಿತು. ಬರೆದದ್ದು ಇಷ್ಟು: ಧ್ವನಿ ಬಂದ್ರೂ ಇಡೀ ದಿನ ಮಾತಾಡಾಕ ಆಗಂಗಿಲ್ಲ. ಮುಂಜಾನಿ ಪಾಳಿ ಅವಂದು, ಮಧ್ಯಾಹ್ನದ್ದು ನಂದು. ಒಂದ ಬಿಲ್ಲೆ ಇಬ್ರೂ ಹಾಕ್ಕೊಂತೀವಿ. ನಾಳೆ ನಾನ ಹೋಗಿ ಕೇಳ್ತೀನಿ.

ನನಗೆ ಇದು ಹೊಳೆದೇ ಇರಲಿಲ್ಲ.

ಜನವರಿ 24, ಬುಧವಾರ

ನಾನೂ ಜೊತೆಗೆ ಹೋದೆ, ದೂರದಲ್ಲೇ ಮರದ ಕೆಳಗೆ ನಿಂತೆ. ಇವರು ಸ್ಲೇಟು ಬರೆದು ಕೊಟ್ಟರು. ತಿಪ್ಪೇಶನಿಗೆ ಬಾಯಿ ಇದ್ದರೂ ಅವನೂ ಬಳಪ ಇಸಿದುಕೊಂಡು ಬರೆದ. ಹೀಗೆಯೇ ಇಬ್ಬರೂ ಬಹಳ ಹೊತ್ತು. ಕೊನೆಗೆ ಅವನು ಕಣ್ಣೊರೆಸಿಕೊಂಡ, ಇವರು ಅವನ ಬೆನ್ನು ತಟ್ಟಿದರು. ಸಂಘದವರೂ ಹೂಂ ಅಂದರಂತೆ. ಇನ್ನು ಧ್ವನಿಯೊಂದು ಬರಬೇಕು.

ಏನು ಬರೆದುಕೊಂಡರೋ, ನಾನು ಕೇಳಲಿಲ್ಲ.

ಜನವರಿ 29, ಸೋಮವಾರ

ಬಳ್ಳಾರಿ. ಕೆಟ್ಟದ್ದೇನೂ ಇಲ್ಲವಂತೆ. ಕೂಗಿ ಕೂಗಿ ಆದ ಗಂಟಂತೆ, ಅಷ್ಟೇ. ಒಂದು ಮಾತಾಡಿದ್ದಕ್ಕೆ ಹಾನಿಯಾಗಿಲ್ಲವಂತೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಶುರುಮಾಡಿ, ಗಂಟಲು ಏರಿಸಬೇಡಿ ಅಂದರು. "ನಾ ಮೊದಲೇ ಹೇಳಿದ್ನಲ್ಲ, ಏನೂ ಇರಂಗಿಲ್ಲ ಅಂತ" ಎಂದು ಡಾಕ್ಟರಿಗೇ ಹೇಳಿ ಹೊರಗೆ ಬಂದೆ.

ಮೆಟ್ಟಿಲ ಮೇಲೆ ಕಾಲು ನಿಲ್ಲಲಿಲ್ಲ. ಕೂತುಬಿಟ್ಟೆ. ತಲೆ ಬಗ್ಗಿಸಿಕೊಂಡು ಚಪ್ಪಲಿಯ ಪಟ್ಟಿ ಹಿಡಿದುಕೊಂಡೆ. ಇವರು ನಾಲ್ಕು ಮೆಟ್ಟಿಲು ಇಳಿದವರು ತಿರುಗಿ ನೋಡಿ, "ಹರೀತೇನು?" ಅಂದರು. ಚಪ್ಪಲಿ ಹರಿದಿದೆ ಅಂದುಕೊಂಡರು. ಅಪ್ಪಣೆಯಾದ ಮೇಲೆ ಆಡಿದ ಮೊದಲ ಮಾತು ಇದು.

"ಹೂಂ, ಸರಿ ಮಾಡ್ಕೊಂಡೆ" ಅಂದೆ.

ಫೆಬ್ರವರಿ 4, ಭಾನುವಾರ

ಉಚ್ಚೆಂಗೆಪ್ಪ ಫೋನು ಮಾಡಿ, ಮಾಮ ಎಂದಿನಿಂದ ಬರುತ್ತಾರೆ ಎಂದು ಕೇಳಿದ. ಫೋನು ಇವರ ಕೈಗೆ ಕೊಟ್ಟೆ. ಕೊಟ್ಟ ಮಾತು ಹೋಯಿತೆಂದು ತಮ್ಮನಿಗೆ ಸಿಟ್ಟು ಬಂದಿದೆ. ಬರಲಿ, ಹೋಗಿ ನಾನೇ ಮಾತಾಡುತ್ತೇನೆ.

ಟೇಪು ಹುಡುಕಿದೆ. ಪೆಟ್ಟಿಗೆಯ ತಳದಲ್ಲಿತ್ತು. ಮರುಳಸಿದ್ದಮ್ಮನ ಅಳತೆ ತೆಗೆದೆ. ಅವಳಿಗೆ ಕಚಗುಳಿಯಂತೆ, ಒಂದು ಕಡೆ ನಿಲ್ಲಲೊಲ್ಲಳು.

ಫೆಬ್ರವರಿ 18, ಭಾನುವಾರ

ಇವರ ಮಧ್ಯಾಹ್ನದ ಪಾಳಿ ಶುರುವಾಗಿ ವಾರವಾಯಿತು. ಇವತ್ತು ಬರುತ್ತೇನೆ ಅಂದೆ. ಹಂಪಿಯ ಪಕ್ಕದಲ್ಲೇ ಇದ್ದೂ ಇವರು ತೋರಿಸುವ ಹಂಪಿಯನ್ನು ನಾನು ನೋಡಿದವಳಲ್ಲ, ಕಲ್ಲು ನೋಡುವುದಕ್ಕೇನು ಅನ್ನುತ್ತಿದ್ದೆ. ಇವರು ಒಂದು ಷರತ್ತು ಹಾಕಿದರು: "ಹಿಂದ ನಿಂದರಬೇಕು. ನಡುವ ಬಾಯಿ ಹಾಕಬಾರ್ದು." ಒಪ್ಪಿಕೊಂಡೆ.

ಗದಗದ ಕಡೆಯ ಶಾಲಾ ಶಿಕ್ಷಕರ ಗುಂಪು. ಇವರ ಧ್ವನಿ ಇನ್ನೂ ಒರಟು, ಸಣ್ಣದು. ಜನವೇ ಹತ್ತಿರ ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ತಿಪ್ಪೇಶ ಹೇಳಿದ ಆ ಮುಖ ನೋಡಿದೆ. ಕಣ್ಣು, ಹುಬ್ಬು, ಕೈ ಎಲ್ಲ ಮಾತಾಡುತ್ತವೆ. ಯಾರೋ ಅಪರಿಚಿತರ ಮುಂದೆ ನಿಂತ ಹಾಗೆ ನನಗೆ ನಾಚಿಕೆಯಾಯಿತು. ಚೆನ್ನಾಗಿಯೂ ಕಂಡರು.

ಆನೆ ಲಾಯದ ಮುಂದೆ ನಿಲ್ಲಿಸಿದರು. ಹಾವು ಬಂತು. ಕಡ್ಡಿ ಬಂತು. ನಾನು ಜಂಪರ್ ಹೊಲಿದೆ. "ಅಂಜಿಕಿ ಅನ್ನೋದು ಆಕಿ ಹತ್ರಾನೂ ಸುಳಿಯಂಗಿಲ್ಲ" ಎಂದರು. ಚಪ್ಪಾಳೆ.

"ಸುಳ್ಳು" ಅಂದೆ.

ಎಲ್ಲರೂ ತಿರುಗಿದರು. ಬಾಯಿ ಹಾಕಬಾರದೆಂದು ಒಪ್ಪಿದ್ದೆ, ಆದರೂ ನಿಲ್ಲಲಿಲ್ಲ. "ಹಾವು ಹೊರಗ ಒಗೆದು ವಾಂತಿ ಮಾಡ್ಕೊಂಡೆ. ಬಿಸಿಲಿಗೆ ಅಂದಿದ್ನಲ್ಲ, ಅದು ಅಂಜಿಕಿ ಜ್ವರ. ಮೊನ್ನೆ ಬಳ್ಳಾರ್ಯಾಗ ಚಪ್ಪಲಿ ಹರಿದಿರಲಿಲ್ಲರೀ. ಕಾಲು ನಿಲ್ಲಲಿಲ್ಲ, ಕುಂತೆ. ಏನೂ ಇಲ್ಲ ಏನೂ ಇಲ್ಲ ಅಂತ ಮಂದಿಗೆ ಹೇಳಿಕೊಂತ, ನೀವು ಎಲ್ಲಿ ಹೋಗಿಬಿಡ್ತೀರೋ ಅಂತ ದಿನಾ ಅಂಜಿ ಸತ್ತೀನಿ."

ಇವರ ಕೈ ಎತ್ತಿದ್ದು ಎತ್ತಿದ ಹಾಗೆಯೇ ಇತ್ತು. ಶಿಕ್ಷಕರಲ್ಲೊಬ್ಬರು, "ಇವ್ರ ಅವ್ರೇನ್ರೀ?" ಅಂದರು. ಇವರ ಬಾಯಿ ತೆರೆದು ಮುಚ್ಚಿತು. ಇವರು ಏನು ಹೇಳುತ್ತಾರೆ ಎನ್ನುವುದು ನನ್ನ ನಾಲಗೆಯ ತುದಿಯಲ್ಲಿ ತಯಾರಿತ್ತು. ಹುಚ್ಚಿ ಅನ್ನುತ್ತಾರೆ, ನಕ್ಕು ಮುಂದಿನ ಕಲ್ಲಿಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಆದರೆ ನಾನು ಅದನ್ನು ಹೇಳಲಿಲ್ಲ, ನಿಂತೆ. ಬಿಸಿಲಿತ್ತು. ಜನ ಕಾಯುತ್ತಿದ್ದರು, ನಾನೂ ಕಾದೆ.

ಇವರು ಕೈ ಇಳಿಸಿ ನನ್ನನ್ನೇ ನೋಡಿದರು. "ನನಗ ಗೊತ್ತಿರಲಿಲ್ಲ" ಅಂದರು, ಅಷ್ಟು ಜನರ ಮುಂದೆ.